ಕೆಂಪಂಗಿಯ ದೇವಸೇವಕರು

ಮತನಿಷ್ಠೆ ಗಾಢವಾದಷ್ಟೂ ಪರಮತದ್ವೇಷವೂ ಗಾಢವಾಗುವುದೆಂದೂ, ಆದಕಾರಣ ನಾಡಿನಲ್ಲಿ ಶಾಂತಿ ನೆಲಸಬೇಕಾದರೆ ಜನರ ಭಕ್ತಿ ಕೊಂಚ ತೆಳುವಾಗುವುದೇ ಲೇಸೆಂದೂ ನಂಬಿರುವ ವಿದ್ಯಾವಂತರು ನಮ್ಮಲ್ಲಿ ಕಡಮೆಯೇನಿಲ್ಲ. ಅಂಥವರು ವಾಯವ್ಯ ಗಡಿಪ್ರಾಂತದ ಪಠಾಣರ ಚರಿತ್ರೆಯನ್ನು ಒಮ್ಮೆ ಓದಿ ನೋಡಬೇಕು. ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಮುಸಲ್ಮಾನರೇ ಇದ್ದ ಆ ಪ್ರಾಂತವು, ಮತವೇ ರಾಷ್ಟ್ರದ ತಳಹದಿಯೆಂಬ ವಾದ ಉಪಖಂಡವನ್ನೆಲ್ಲ ಕುದಿಸುತ್ತಿದ್ದ 1946ರ ಚುನಾವಣೆಯಲ್ಲಿ, ತನ್ನ ಶಾಸನಸಭೆಯ 50 ಸ್ಥಾನಗಳ ಪೈಕಿ 30ನ್ನು ಆ ವಾದವನ್ನು ಒಪ್ಪದ ಕಾಂಗ್ರೆಸ್ಸಿಗೆ ಕೊಟ್ಟಿತು. ಈ ಅಚ್ಚರಿಯನ್ನು ಸಾಧಿಸಿದವರು ದೇವರನ್ನು ಮರೆತವರಲ್ಲ. ‘ಖುದಾಯಿ ಖಿದ್ಮತ್‌ಗಾರ್’, ಎಂದರೆ ದೇವರ ಸೇವಕರು, ಎಂದೇ ತಮ್ಮನ್ನು ಕರೆದುಕೊಂಡವರು.

ಅವರ ನಾಯಕ ಖಾನ್ ಅಬ್ದುಲ್ ಗಫಾರ್ ಖಾನರನ್ನು ನಾವು ‘ಗಡಿನಾಡ ಗಾಂಧಿ’ ಎನ್ನುತ್ತೇವೆ. ಪ್ರೀತಿಯಿಂದ ಇತ್ತ ಬಿರುದೇ ಆದರೂ, ಅದರಲ್ಲಿ ಸಣ್ಣದೊಂದು ಅನ್ಯಾಯವೂ ಅಡಗಿದೆ. ಅವರ ಅಹಿಂಸೆಯೆಲ್ಲ ಸಬರ್ಮತಿಯಿಂದ ತಂದ ಎರವಲೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಗಾಂಧೀಜಿ ಇನ್ನೂ ದಕ್ಷಿಣ ಆಫ್ರಿಕದಲ್ಲಿದ್ದ 1910ರಲ್ಲಿಯೇ, ಇಪ್ಪತ್ತು ವರ್ಷದ ಈ ತರುಣ ತನ್ನೂರಾದ ಉತ್ಮಾನ್‌ಜಯಿಯಲ್ಲಿ ಶಾಲೆ ತೆರೆದಿದ್ದನು. ಮೆಕ್ಕೆಯಲ್ಲಿ ಪ್ರವಾದಿಗಳು ಹಿಂಸೆಗೆ ಪ್ರತಿಹಿಂಸೆಯೆಣಿಸದೆ ಕಳೆದ ವರ್ಷಗಳೂ, ಕುರಾನು ಮರಳಿ ಮರಳಿ ಹೊಗಳುವ ‘ಸಬರ್’ ಎಂಬ ಸಹನೆಯೂ ತಮ್ಮ ಆಯುಧವೆಂದು ಅವರು ಸಾರುತ್ತಿದ್ದರು. ಗಾಂಧೀಜಿಯ ಸಹವಾಸ ಆ ಬೀಜಕ್ಕೆ ನೀರೆರೆಯಿತೆಂದರೆ ಹೆಚ್ಚು ಸರಿಯಾದೀತು.

1929ರಲ್ಲಿ ಸಂಘವನ್ನು ಕಟ್ಟಿದಾಗ ಸೇರಬಂದವನು ಮಾಡಬೇಕಾಗಿದ್ದ ಪ್ರತಿಜ್ಞೆ ಸಾಮಾನ್ಯವಾದುದಲ್ಲ. ದೇವರಿಗೆ ಯಾರ ಸೇವೆಯೂ ಬೇಕಿಲ್ಲವಾದುದರಿಂದ ಅವನ ಸೃಷ್ಟಿಯ ಸೇವೆಯೇ ಅವನ ಸೇವೆ, ಹಿಂಸೆಯನ್ನು ಬಿಡುತ್ತೇನೆ, ಹಿಂಸಿಸಿದವನನ್ನು ಕ್ಷಮಿಸುತ್ತೇನೆ, ದಿನಕ್ಕೆ ಎರಡು ಗಂಟೆಯಾದರೂ ಲೋಕಸೇವೆಗೆ ದುಡಿಯುತ್ತೇನೆ. ಇವುಗಳ ನಡುವೆ ಸೇಡನ್ನು ತೊರೆಯುವ ಮಾತೂ ಇತ್ತು. ನನ್ನೆಣಿಕೆಯಲ್ಲಿ ಎಲ್ಲಕ್ಕಿಂತ ಕಠಿಣವಾದುದು ಅದೇ. ಪಠಾಣರ ಕುಲಧರ್ಮದಲ್ಲಿ ‘ಬದಲ್’ ಎಂಬುದು ತಪ್ಪಿಸಿಕೊಳ್ಳಲಾಗದ ಕರ್ತವ್ಯ. ತಂದೆಯ ಸೇಡು ಮಗನಿಗೂ ಮೊಮ್ಮಗನಿಗೂ ಹೊಲಗದ್ದೆಗಳಂತೆಯೇ ಪಿತ್ರಾರ್ಜಿತವಾಗಿ ಇಳಿದುಬರುತ್ತಿದ್ದ ಸಮಾಜ ಅದು. ಅಂಥಲ್ಲಿ ಬಂದೂಕವನ್ನು ಕೆಳಗಿಡುವುದೆಂದರೆ ಪೌರುಷವನ್ನೇ ಕೆಳಗಿಟ್ಟಂತೆ ಎಂದು ಹೀಗಳೆಯುವ ನೆರೆಹೊರೆಯ ನಡುವೆ, ಈ ಜನ ಪೊರಕೆ ಹಿಡಿದು ಹಳ್ಳಿಯ ಓಣಿಗಳನ್ನು ಗುಡಿಸಿದರು. ಬಿಳಿಯ ಬಟ್ಟೆ ಬೇಗ ಮಾಸುವುದೆಂದು ಚರ್ಮ ಹದಮಾಡುವವರ ಬಣ್ಣದಲ್ಲಿ ಅದ್ದಿಸಿಕೊಂಡ ಇಟ್ಟಿಗೆಗೆಂಪಿನ ಅಂಗಿಯೇ ಅವರ ಸಮವಸ್ತ್ರವಾಯಿತು; ಅದನ್ನು ಕಂಡ ಆಂಗ್ಲ ಅಧಿಕಾರಿಗಳು ರಷ್ಯದ ಬೋಲ್ಷೆವಿಕರೇ ಬಂದರೆಂದು ಶಂಕಿಸಿದ್ದು ಚರಿತ್ರೆಯ ವಿನೋದಗಳಲ್ಲೊಂದು.

ವಿನೋದವಲ್ಲದ ದಿನವೂ ಬಂದಿತು. 1930ರ ಏಪ್ರಿಲ್ 23ರಂದು ಪೆಷಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ, ಗಫಾರ್ ಖಾನರ ಬಂಧನವನ್ನು ಪ್ರತಿಭಟಿಸಿ ನೆರೆದಿದ್ದ ನಿರಾಯುಧ ಜನರ ಮೇಲೆ ಸೇನೆ ಗುಂಡಿನ ಮಳೆಗರೆಯಿತು. ಮುಸಲ್ಮಾನರ ಗುಂಪೆಂದರೆ ಹಿಂದೂ ಸಿಪಾಯಿ ಹಿಂಜರಿಯನೆಂಬ ಲೆಕ್ಕದಿಂದಲೋ ಏನೋ, ಗಢವಾಲ್ ರೈಫಲ್ಸ್ ದಳದವರನ್ನೂ ಅಲ್ಲಿಗೆ ತಂದಿದ್ದರು. ಚಂದ್ರಸಿಂಹ ಗಢವಾಲಿಯೂ ಅವನ ಸಂಗಡಿಗರೂ ಗುಂಡು ಹಾರಿಸಲು ಒಪ್ಪದೆ ಸೈನಿಕ ನ್ಯಾಯಾಲಯದ ದಂಡನೆಗೆ ಗುರಿಯಾದರು.

ಮತವೇ ರಾಷ್ಟ್ರದ ತಳಹದಿಯಲ್ಲವೆಂಬ ಪಕ್ಷಕ್ಕೆ ಧರ್ಮಶಾಸ್ತ್ರವನ್ನು ಅರಿತವರಲ್ಲಿಯೂ ಬೆಂಬಲವಿರಲಿಲ್ಲವೆಂದಲ್ಲ. ದೇವಬಂದ್‌ನ ಹಿರಿಯ ವಿದ್ವಾಂಸರಾದ ಮೌಲಾನಾ ಹುಸೇನ್ ಅಹಮದ್ ಮದನಿ, ಈ ಕಾಲದಲ್ಲಿ ರಾಷ್ಟ್ರಗಳು ನೆಲದಿಂದ ಆಗುತ್ತವೆ, ಮತದಿಂದಲ್ಲ ಎಂದು ಸಾರಿ, ಕವಿ ಇಕ್ಬಾಲರ ಕಟುಟೀಕೆಗೆ ಪಾತ್ರರಾದರೂ, ಆ ವಾದವನ್ನು 1938ರಲ್ಲಿ ಗ್ರಂಥರೂಪದಲ್ಲಿಯೇ ವಿಸ್ತರಿಸಿದರು.

1947ರ ಆರಂಭದಲ್ಲಿ, ಹತ್ಯೆಗೀಡಾದ ಮುಸಲ್ಮಾನರ ಹಳ್ಳಿಗಳನ್ನು ಸಂತೈಸುತ್ತ ಗಫಾರ್ ಖಾನರು ಗಾಂಧೀಜಿಯೊಡನೆ ಬಿಹಾರದಲ್ಲಿ ಅಲೆದರು. ಅತ್ತ ಗಡಿಪ್ರಾಂತದಲ್ಲಿ ಅವರ ಕೆಂಪಂಗಿಯವರು ಹಿಂದೂ ಸಿಖ್ಖರ ಮನೆಗಳಿಗೆ ಕಾವಲು ನಿಂತರು. ಕಾಂಗ್ರೆಸ್ಸು ವಿಭಜನೆಯನ್ನು ಒಪ್ಪಿಕೊಂಡಾಗ ಇವರು ಒಂಟಿಯಾದರು. ಜುಲೈ ತಿಂಗಳ ಜನಮತಗಣನೆಯಲ್ಲಿ ಹಿಂದೂಸ್ತಾನವೋ ಪಾಕಿಸ್ತಾನವೋ ಎಂಬ ಎರಡೇ ಆಯ್ಕೆಗಳಿದ್ದವಾಗಿ, ಪಠಾಣರ ಸ್ವಾತಂತ್ರ್ಯಕ್ಕೆ ಅದರಲ್ಲಿ ಎಡೆಯಿಲ್ಲವೆಂದು ಅವರು ಬಹಿಷ್ಕರಿಸಿದರು. ಮತದಾರರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನ ಮಾತ್ರ ಮತವಿತ್ತರು, ಅವರಲ್ಲಿ ಬಹುತೇಕರು ಪಾಕಿಸ್ತಾನಕ್ಕೆ. ಬಹಿಷ್ಕಾರ ವಿವೇಕವಾಗಿತ್ತೆ ಎಂದು ಈಗ ಕೇಳುವುದು ಸುಲಭ. ಜತೆಗೂಡಿ ನಡೆದವರೇ ಅರ್ಧದಾರಿಯಲ್ಲಿ ಕೈಬಿಟ್ಟ ಮೇಲೆ ಅವರಿಗೆ ಉಳಿದಿದ್ದ ದಾರಿ ಯಾವುದೆಂಬುದನ್ನೂ ಜೊತೆಗೇ ಕೇಳಬೇಡವೆ?

ಹೊಸ ರಾಷ್ಟ್ರಕ್ಕೆ ಅವರು ನಿಷ್ಠೆಯನ್ನು ತೋರಿದರೂ ಅದು ಅವರನ್ನು ನಂಬಲಿಲ್ಲ. 1948ರ ಆಗಸ್ಟ್ 12ರಂದು ಚಾರಸದ್ದಾದ ಬಳಿಯ ಬಾಬ್ರಾದಲ್ಲಿ ನೆರೆದ ಅವರ ಜನದ ಮೇಲೆ ಸ್ವಮತೀಯರದೇ ಸರಕಾರ ಗುಂಡು ಹಾರಿಸಿತು, ಸಂಘ ನಿಷಿದ್ಧವಾಯಿತು, ಬ್ರಿಟಿಷರ ಸೆರೆಮನೆಗಳನ್ನು ಕಂಡಿದ್ದ ನಾಯಕರು ಪಾಕಿಸ್ತಾನದ ಸೆರೆಮನೆಗಳಲ್ಲಿಯೂ ವರ್ಷಗಳನ್ನು ಸವೆಸಿದರು.

1969ರಲ್ಲಿ, ಗಾಂಧೀ ಶತಮಾನೋತ್ಸವದ ಕಾಲಕ್ಕೆ, ಎಪ್ಪತ್ತೊಂಬತ್ತರ ವೃದ್ಧರಾಗಿ ಅವರು ದಿಲ್ಲಿಗೆ ಬಂದಿಳಿದಾಗ ಕೈಯಲ್ಲಿದ್ದುದು ಬಟ್ಟೆಯ ಒಂದು ಗಂಟು. ಅಷ್ಟರಲ್ಲಿ ಅಹಮದಾಬಾದಿನಲ್ಲಿ ಹಿಂದೂ ಮುಸಲ್ಮಾನರ ಗಲಭೆಯಾಗಿ ನೂರಾರು ಜನ ಸತ್ತಿದ್ದರು. ಹಾರತುರಾಯಿಗಳು ಕಾದಿದ್ದ ದಿಲ್ಲಿಯಲ್ಲಿ, ಅತಿಥಿ ಮೂರು ದಿನ ಅನ್ನ ಮುಟ್ಟದೆ ಉಪವಾಸ ಕುಳಿತರು.