ನಗುನಗುತ್ತಾ ಐದು ದಶಕ

ಯುಎಫ್‌ಒ ತಂಡದ ‘ಡಾಕ್ಟರ್ ಡಾಕ್ಟರ್’ ಹಾಡು ಧ್ವನಿವರ್ಧಕದಲ್ಲಿ ಮೊಳಗಿತೆಂದರೆ ಐರನ್ ಮೇಡನ್ ಅಭಿಮಾನಿಗಳ ಮೈ ಜುಮ್ಮೆನ್ನುತ್ತದೆ. ಅವರ ತಂಡ ವೇದಿಕೆಗೆ ಬರುವ ಹೊತ್ತಾಯಿತು ಎಂದೇ ಅರ್ಥ. ಕರಿ ಟೀ ಶರ್ಟುಗಳ ನೂಕುನುಗ್ಗಲು, ಬೆವರಿನ ವಾಸನೆ, ಎದೆಗೂಡನ್ನೇ ಅದುರಿಸುವ ಡ್ರಮ್ಮಿನ ಬಡಿತ. ಬ್ರೂಸ್ ಡಿಕಿನ್ಸನ್ ಹಾಡುತ್ತಲೇ ಆ ತುದಿಯಿಂದ ಈ ತುದಿಗೆ ಓಡುತ್ತಾರೆ. ಸ್ಟೀವ್ ಹ್ಯಾರಿಸ್ ಸ್ಪೀಕರ್ ಪೆಟ್ಟಿಗೆಯ ಮೇಲೊಂದು ಕಾಲೂರಿ ಬೇಸ್ ಗಿಟಾರು ನುಡಿಸುತ್ತಾರೆ. ಯಾನಿಕ್ ಗರ್ಸ್ ಗಿಟಾರು ಬೀಸುತ್ತಾ ಕುಣಿಯುತ್ತಾರೆ. ಈ ಗದ್ದಲದ ನಡುವೆ ಹೊಂಬಣ್ಣದ ಕೂದಲಿನ ದುಂಡುಮುಖದವರೊಬ್ಬರು ತಮ್ಮಷ್ಟಕ್ಕೆ ನಗುತ್ತಾ ನಿಂತಿರುತ್ತಾರಲ್ಲ, ಅವರೇ ಡೇವ್ ಮರ್ರೆ.

ಅವರ ಎಡಗೈಯನ್ನೇ ನೋಡುತ್ತಿರಿ. ಬಲಗೈ ತಂತಿಯನ್ನು ಒಮ್ಮೆ ಮೀಟಿ ಸುಮ್ಮನಾದರೂ ಎಡಗೈಯ ಬೆರಳುಗಳು ತಂತಿಯ ಮೇಲೆ ಬಡಿದು, ಕಿತ್ತು, ಮತ್ತೆ ಬಡಿದು ಸ್ವರಗಳನ್ನು ಹೊರಡಿಸುತ್ತಲೇ ಇರುತ್ತವೆ. ವೈಣಿಕರು ಒಂದೇ ಮೀಟಿನಲ್ಲಿ ಸ್ವರದಿಂದ ಸ್ವರಕ್ಕೆ ಸಾಗುವಂತೆ ಇಲ್ಲೂ ನಾದ ಕಡಿಯುವುದಿಲ್ಲ. ಅಂಥ ವೇಗದಲ್ಲೂ ಹಣೆಯಲ್ಲಿ ಗಂಟಿಲ್ಲ, ಹಲ್ಲು ಕಚ್ಚುವುದಿಲ್ಲ. ಅವರು ಬಹುಕಾಲ ನುಡಿಸಿದ್ದು 1957ರ ಕರಿಯ ಫೆಂಡರ್ ಸ್ಟ್ರಾಟೋಕಾಸ್ಟರನ್ನು. ಅದು ಮೊದಲು ‘ಫ್ರೀ’ ತಂಡದ ಪಾಲ್ ಕೊಸ್ಸಾಫ್ ಕೈಯಲ್ಲಿದ್ದ ಗಿಟಾರು.

ಪೂರ್ವ ಲಂಡನ್ನಿನಲ್ಲಿ 1975ರ ಕೊನೆಗೆ ಹ್ಯಾರಿಸ್ ಕಟ್ಟಿದ ತಂಡಕ್ಕೆ ಮರ್ರೆ ಮರುವರ್ಷವೇ ಬಂದರು. ನಡುವೆ ಸ್ವಲ್ಪ ಕಾಲ ಹೊರಗಿದ್ದು 1978ರಲ್ಲಿ ಮರಳಿದವರು ಮತ್ತೆ ಕದಲಲಿಲ್ಲ. ಪಕ್ಕದಲ್ಲಿ ಡೆನಿಸ್ ಸ್ಟ್ರಾಟನ್ ಬಂದುಹೋದರು, ಏಡ್ರಿಯನ್ ಸ್ಮಿತ್ ಬಂದರು, ಹೋದರು, ಅವರ ಜಾಗಕ್ಕೆ ಗರ್ಸ್ ಬಂದರು. 1999ರಲ್ಲಿ ಸ್ಮಿತ್ ವಾಪಸಾದಾಗ ಗರ್ಸ್ ಅವರನ್ನೂ ಉಳಿಸಿಕೊಂಡು ತಂಡ ಮೂರು ಗಿಟಾರುಗಳದ್ದಾಯಿತು. ಜೊತೆಗಾರರು ಯಾರೇ ಇರಲಿ, ಅವರ ಸ್ವರಕ್ಕೆ ತಮ್ಮ ಸ್ವರ ಹೊಂದಿಸಿ ಒಟ್ಟಿಗೆ ಸಾಗುವುದು ಮರ್ರೆಗೆ ಸಲೀಸು. ಮೇಡನ್ ಎಂದರೆ ನೆನಪಾಗುವ ಜೋಡಿ ಗಿಟಾರಿನ ಸೊಬಗು ಇದೇ.

ಆ ಸೊಬಗನ್ನು ನಮ್ಮ ಬೆಂಗಳೂರೂ ಕಂಡಿದೆ. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ದೇಶದ ನಾನಾ ಊರುಗಳ ಹುಡುಗರು ಬಂದಿದ್ದರು. ಈ ತಂಡದ ಕಛೇರಿಗಳಲ್ಲಿ ‘ಫಿಯರ್ ಆಫ್ ದ ಡಾರ್ಕ್’ ಶುರುವಾದರೆ ಜನ ಮಾತುಗಳನ್ನಷ್ಟೇ ಅಲ್ಲ, ಗಿಟಾರಿನ ಧಾಟಿಯನ್ನೂ ಬಾಯಲ್ಲೇ ಹಾಡುತ್ತಾರೆ. 2009ರ ಫೆಬ್ರುವರಿಯಲ್ಲಿ ತಂಡ ಅದೇ ಮೈದಾನಕ್ಕೆ ಮತ್ತೊಮ್ಮೆ ಬಂತು.

1980ರ ಮೊದಲ ಆಲ್ಬಮ್ಮಿನಿಂದ 2021ರ ‘ಸೆನ್‌ಜುತ್ಸು’ವರೆಗೆ ಒಟ್ಟು ಹದಿನೇಳು ಸ್ಟುಡಿಯೊ ಆಲ್ಬಮ್ಮುಗಳು. ಅಷ್ಟರಲ್ಲೂ ನುಡಿಸಿದವರು ಇಬ್ಬರೇ, ಹ್ಯಾರಿಸ್ ಮತ್ತು ಮರ್ರೆ. ಬಿಡುವಾದಾಗ ಮೊದಲನೆಯದನ್ನೂ ಕೊನೆಯದನ್ನೂ ಒಂದರ ಹಿಂದೊಂದು ಕೇಳಿ. ದನಿ ಜೋರು ಮಾಡುವುದನ್ನು ಮರೆಯಬೇಡಿ.