ಮೊದಲಕ್ಷರಕ್ಕೆ ಮುನ್ನ ತೆರೆಯುವ ಪಟ್ಟಿ

ಗಣಕದ ನಮೂನೆಯ ಚೌಕದಲ್ಲಿ ಎರಡಕ್ಷರ ಒತ್ತಿದೊಡನೆ ಅವಕ್ಕೆ ಹೊಂದುವ ಹೆಸರುಗಳು ಕೆಳಗೆ ಸಾಲುಗಟ್ಟುವುದನ್ನು ವಾಚಕರು ಕಂಡೇ ಇದ್ದಾರೆ. ಈ ಸೌಕರ್ಯದ ಬುಡದಲ್ಲಿ ಒಂದು ಗೃಹೀತವಿದೆ: ಪಟ್ಟಿ ಮಾಡಿದವನು ಬರೆದಂತೆಯೇ ತುಂಬುವವನೂ ಬರೆಯುತ್ತಾನೆಂಬುದು.

ಈ ಗೃಹೀತ ಎಲ್ಲೆಡೆಯೂ ಸಲ್ಲದು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದುವು. ಹತ್ತರಲ್ಲಿ ಮೊದಲಕ್ಷರ ಉಳಿಯಿತು. ಬಿಜಾಪುರವು ವಿಜಯಪುರವಾದಾಗ, ಗುಲ್ಬರ್ಗವು ಕಲಬುರಗಿಯಾದಾಗ ಅದೂ ಹೋಯಿತು. ಹೊರನಾಡಿನಲ್ಲಿ ನೆಲಸಿದ ಹಿರಿಯರೊಬ್ಬರು ನನ್ನ ಮೇಜಿನೆದುರು ಕುಳಿತು ‘ಬಿಜಾ’ ಎಂದು ಮೂರು ಸಲ ಒತ್ತಿ, “ನಮ್ಮ ಊರೇ ಇಲ್ಲವಲ್ಲ!” ಎಂದರು. ಊರು ಇತ್ತು, ಅವರು ತಟ್ಟಿದ ಬಾಗಿಲು ಬೇರೆಯಾಗಿತ್ತು.

ಇಂಥಲ್ಲಿ ಚೌಕವು ಗಮನಕ್ಕೆ ಬಂದೊಡನೆಯೇ, ಅಂದರೆ ಫೋಕಸ್ ಪಡೆದ ಕ್ಷಣದಲ್ಲೇ, ಪಟ್ಟಿ ತೆರೆಯುವುದು ಉಚಿತ. 2010ರ ಜೆಕ್ವೆರಿ ಯುಐ 1.8ರಲ್ಲಿ ಬಂದ ಆಟೋಕಂಪ್ಲೀಟ್ ಸಾಧನವನ್ನೇ ನೋಡೋಣ. ಅದು ಸ್ವಭಾವತಃ ಒಂದಕ್ಷರಕ್ಕೂ, ಬಳಿಕ 300 ಮಿಲಿಸೆಕೆಂಡಿಗೂ ಕಾಯುತ್ತದೆ. ‘ಮಿನ್‌ಲೆಂತ್’ ಎಂಬ ಕನಿಷ್ಠ ಅಕ್ಷರಸಂಖ್ಯೆಯನ್ನು 0 ಮಾಡಿ, ಫೋಕಸ್ ಘಟನೆಯಲ್ಲಿ ‘ಸರ್ಚ್’ ವಿಧಾನವನ್ನು ಖಾಲಿ ಪದದೊಡನೆ ಕರೆದರೆ ಪೂರ್ಣ ಪಟ್ಟಿ ಇಳಿಯುತ್ತದೆ. ಮೊದಲನೆಯದನ್ನು ಮರೆತರೆ ಎರಡನೆಯದು ನಿಷ್ಫಲ. ಖಾಲಿ ಹುಡುಕಾಟ ಕೇಳಿದರೂ ಪಟ್ಟಿ ಮುಚ್ಚಿಯೇ ಇರುತ್ತದೆ. ಖಾಲಿ ಪದ ಕೊಡದೆ ಬರಿದೇ ಕರೆದರೆ ಚೌಕದಲ್ಲಿ ಆಗಲೇ ಬರೆದಿರುವುದಕ್ಕೆ ಹೊಂದುವಷ್ಟು ಮಾತ್ರ ಕಾಣುತ್ತದೆ. ಅರ್ಧ ತುಂಬಿದ ನಮೂನೆಗೆ ಮರಳುವವನಿಗೆ ಇದೇ ಮೇಲೆಂದು ನನ್ನ ಮತ.

ಆದರೆ ಅತಿ ಔದಾರ್ಯವೂ ತೊಡಕೇ. ಸಾವಿರ ಹೆಸರಿನ ಪಟ್ಟಿ ಒಮ್ಮೆಲೇ ತೆರೆದರೆ ಸಹಾಯವಲ್ಲ, ಅಡ್ಡಗೋಡೆ. ಟ್ಯಾಬ್ ಕೀಲಿಯಿಂದ ಚೌಕ ಚೌಕ ದಾಟುವವನ ಮುಂದಿನ ಚೌಕವನ್ನೇ ಅದು ಮುಚ್ಚೀತು. ಬ್ರೌಸರು ನೆನಪಿಟ್ಟ ಹಳೆಯ ನಮೂದುಗಳೂ ಅಲ್ಲೇ ಮೇಲೆದ್ದು ಎರಡು ಪಟ್ಟಿಗಳು ಒಂದರ ಮೇಲೊಂದು ಬೀಳುವುದುಂಟು. 2008ರ ಡಬ್ಲ್ಯೂಸಿಎಜಿ 2.0 ನಿಯಮಾವಳಿಯು ಫೋಕಸ್ ಮಾತ್ರದಿಂದಲೇ ಸಂದರ್ಭ ಬದಲಾಗಬಾರದೆನ್ನುತ್ತದೆ; ಪಟ್ಟಿ ತೋರಿಸಬಹುದು, ಓದುಗನನ್ನು ಬೇರೆಡೆಗೆ ಒಯ್ಯಬಾರದು. ಹಲವರು ಬಳಸುವ ಗಣಕದಲ್ಲಿ ಹಿಂದಿನವನು ಹಣ ಕಳುಹಿಸಿದವರ ಹೆಸರುಗಳು ಕೇಳದೆಯೇ ತೆರೆದುಕೊಳ್ಳುವುದನ್ನಂತೂ ಬ್ಯಾಂಕಿನವನಾದ ನಾನು ಒಪ್ಪಲಾರೆ.

ಊರುಗಳ ಪಟ್ಟಿಗೆ ಈ ಭಯವಿಲ್ಲ. ಮೇಲಾಗಿ ಇದೇ ಸಾಧನದಲ್ಲಿ ತೋರುವ ‘ಲೇಬಲ್’ ಬೇರೆ, ಚೌಕಕ್ಕೆ ಸೇರುವ ‘ವ್ಯಾಲ್ಯೂ’ ಬೇರೆ; ಹುಡುಕಾಟ ನಡೆಯುವುದು ಲೇಬಲಿನಲ್ಲಿ. ‘ವಿಜಯಪುರ - ಬಿಜಾಪುರ’ ಎಂದು ಲೇಬಲ್ ಬರೆದು, ವ್ಯಾಲ್ಯೂವನ್ನು ‘ವಿಜಯಪುರ’ ಎಂದಷ್ಟೇ ಇರಿಸಿದರೆ, ಆ ಹಿರಿಯರು ಒತ್ತಿದ ‘ಬಿಜಾ’ಗೂ ಊರು ದೊರೆಯುತ್ತದೆ.