ನಮ್ಮೂರಿನ ಸೈನಿಕರೂ ನಮ್ಮ ಪಂಚಾಯತುಗಳೂ

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಸೈನಿಕನು ಗಡಿಯಲ್ಲಿರುವ ತನಕ ಇಡೀ ದೇಶಕ್ಕೆ ಸೇರಿದವನು. ಪತ್ರಿಕೆಗಳು ಅವನನ್ನು ಹೊಗಳುತ್ತವೆ. ಸಭೆಗಳಲ್ಲಿ ನಾವು ಅವನ ಹೆಸರೆತ್ತಿ ಚಪ್ಪಾಳೆ ತಟ್ಟುತ್ತೇವೆ. ಆದರೆ ಸೇವೆಯನ್ನು ಮುಗಿಸಿ, ಕರಿಯ ಟ್ರಂಕೊಂದನ್ನು ಹೊತ್ತುಕೊಂಡು ಅವನು ಊರಿನ ಬಸ್ಸಿನಿಂದ ಇಳಿದ ದಿನದಿಂದ ಯಾರಿಗೆ ಸೇರಿದವನು? ದಿಲ್ಲಿಗೋ, ಬೆಂಗಳೂರಿಗೋ, ಮಂಗಳೂರಿನ ಕಚೇರಿಗೋ, ಅಥವಾ ನಮ್ಮ ಗ್ರಾಮ ಪಂಚಾಯತಿಗೋ? ಈ ಪ್ರಶ್ನೆಯು ಮೇಲ್ನೋಟಕ್ಕೆ ಸಣ್ಣದೆಂದು ಕಂಡರೂ, ಅದಕ್ಕೆ ಸರಿಯಾದ ಉತ್ತರವಿಲ್ಲದುದರಿಂದ ಒಂದು ಮನೆಯವರು ಎಷ್ಟು ಕಷ್ಟಪಡಬೇಕಾಗುವುದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದುದರಿಂದಲೇ ಈ ಲೇಖನ.

ಪಂಜ ಸೀಮೆಯ ನಮ್ಮ ಮನೆಯ ಪಕ್ಕದ ತೋಟದಲ್ಲಿ ಒಬ್ಬರು ಹಿರಿಯರಿದ್ದರು. ಊರಿನವರೆಲ್ಲ ಅವರನ್ನು 'ಮಿಲಿಟ್ರಿ ಅಜ್ಜ' ಎಂದೇ ಕರೆಯುತ್ತಿದ್ದರು. 1963ರಲ್ಲಿ ಸೈನ್ಯಕ್ಕೆ ಸೇರಿ, 1965 ಮತ್ತು 1971ರ ಎರಡು ಯುದ್ಧಗಳನ್ನೂ ಕಂಡು, 1980ರಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಆಮೇಲೆ ಕೆಲವು ವರ್ಷ ಬ್ಯಾಂಕೊಂದರಲ್ಲಿ ಕಾವಲುಗಾರರಾಗಿದ್ದು, ಕೊನೆಗೆ ನಾಲ್ಕು ಅಡಿಕೆ ಮರಗಳ ನಡುವೆ ಬಂದು ನೆಲೆಸಿದರು. ಯುದ್ಧದ ಕಥೆ ಹೇಳಿರೆಂದು ಮಕ್ಕಳಾದ ನಾವು ಪೀಡಿಸಿದರೆ, ಚಳಿಯ ಕಥೆಯನ್ನು ಹೇಳುತ್ತಿದ್ದರೇ ಹೊರತು ಗುಂಡಿನ ಕಥೆಯನ್ನು ಹೇಳುತ್ತಿರಲಿಲ್ಲ. 2021ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮುಂದಿನ ತಿಂಗಳಿನಿಂದ ಅವರ ಪಿಂಚಣಿಯು ನಿಂತಿತು. ಅದು ಸಹಜವೇ. ಆದರೆ ಅಜ್ಜಿಗೆ ಬರಬೇಕಾದ ಕುಟುಂಬ ಪಿಂಚಣಿಯು ಆರಂಭವಾಗಲಿಲ್ಲ.

ಕಾರಣವನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಸೈನ್ಯದ ದಾಖಲೆಯಲ್ಲಿದ್ದುದು ಅಜ್ಜಿಯ ತವರುಮನೆಯ ಹೆಸರು. ಆಧಾರ್ ಚೀಟಿಯಲ್ಲಿಯೂ ಬ್ಯಾಂಕಿನ ಪುಸ್ತಕದಲ್ಲಿಯೂ ಇದ್ದುದು ಮದುವೆಯಾದ ಮೇಲೆ ಗಂಡನ ಮನೆಯವರು ಕರೆದ ಹೆಸರು. ಒಂದು ಕಚೇರಿಯವರು ಮತ್ತೊಂದು ಕಚೇರಿಗೆ ಕಳುಹಿಸಿದರು. ಅಲ್ಲಿಯವರು 'ಮೊದಲಿನ ಕಚೇರಿಯಿಂದಲೇ ಆಗಬೇಕು' ಎಂದರು. ಎಪ್ಪತ್ತು ದಾಟಿದ ಅಜ್ಜಿಯು, ತಾನೇ ತಾನು ಎಂದು ಸಾಧಿಸುವುದಕ್ಕಾಗಿ, ಏಳು ತಿಂಗಳ ಕಾಲ ಬಸ್ಸು ಹತ್ತಿ ಇಳಿದರು. ಆ ಓಡಾಟದಲ್ಲಿ ಕಾಗದಗಳ ಚೀಲವನ್ನು ಹಿಡಿದು ಅವರ ಹಿಂದೆ ನಡೆದವನು ನಾನು. ಈ ವಿಷಯದಲ್ಲಿ ನಾನು ಕಲಿತುದೆಲ್ಲವೂ ಆ ಚೀಲದಿಂದಲೇ.

*

ಮೊದಲು ನಮ್ಮ ಹಿಂದಿನವರ ಪದ್ಧತಿಯನ್ನು ಸ್ವಲ್ಪ ನೋಡೋಣ. ಕನ್ನಡನಾಡಿನಲ್ಲಿ ಊರಿಗಾಗಿ ಕಾದಿ ಮಡಿದವನಿಗೆ ವೀರಗಲ್ಲನ್ನು ನೆಡುತ್ತಿದ್ದರೆಂಬುದು ನಮಗೆಲ್ಲ ಗೊತ್ತು. ಆದರೆ ಕಲ್ಲು ನೆಡುವುದರೊಡನೆ ಇನ್ನೊಂದು ಕೆಲಸವೂ ನಡೆಯುತ್ತಿದ್ದಿತು. ಮಡಿದವನ ಮನೆಯವರಿಗೆ ಹೊಲವನ್ನೋ ಗದ್ದೆಯನ್ನೋ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಇದಕ್ಕೆ 'ನೆತ್ತರುಗೊಡಗೆ' ಎಂಬ ಹೆಸರಿದೆ. ನೆತ್ತರಿಗೆ ಪ್ರತಿಯಾದ ಕೊಡುಗೆ ಎಂದು ಅರ್ಥ. ಹೆಸರು ಕಲ್ಲಿನ ಮೇಲೆ, ಅನ್ನ ಮನೆಯೊಳಗೆ: ಎರಡನ್ನೂ ಒಂದೇ ಊರು, ಒಂದೇ ಸಂದರ್ಭದಲ್ಲಿ ನಡೆಸಿಕೊಡುತ್ತಿದ್ದಿತು.

ನಮ್ಮ ಪುತ್ತೂರು, ಸುಳ್ಯ, ಕಡಬ ಪ್ರದೇಶಕ್ಕೆ ಬಂದರೆ ನೆನಪಿನ ಇನ್ನೊಂದು ಬಗೆಯನ್ನು ಕಾಣುತ್ತೇವೆ. ಪಡುಮಲೆಯ ಕೋಟಿ ಚೆನ್ನಯರು ಎಣ್ಮೂರಿನಲ್ಲಿ ಕಾಯವನ್ನು ಬಿಟ್ಟರೆಂದು ಪಾಡ್ದನಗಳು ಹೇಳುತ್ತವೆ. ಅವರ ಗರಡಿಗಳು ತುಳುನಾಡಿನ ಊರೂರುಗಳಲ್ಲಿವೆ. ಆ ವೀರರ ಹೆಸರು ಇಂದಿಗೂ ಉಳಿದುದಕ್ಕೆ ಕಟ್ಟಡಗಳೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ದೀಪಕ್ಕೆ ಎಣ್ಣೆ ಕೊಡುವ ಮನೆ ಯಾವುದು, ನೇಮದ ದಿನ ಯಾರು ಯಾವ ಕೆಲಸಕ್ಕೆ ನಿಲ್ಲಬೇಕು, ಎಂಬುದು ಪ್ರತಿ ಊರಿನಲ್ಲಿಯೂ ನಿಶ್ಚಿತವಾಗಿದೆ. ಹೊಣೆಗಾರನಿರುವಲ್ಲಿ ನೆನಪು ಉಳಿಯುತ್ತದೆ. ಹೊಣೆಗಾರನಿಲ್ಲದ ಕಡೆ ಕಲ್ಲಿಗೆ ಪಾಚಿ ಹಿಡಿಯುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮಲ್ಲಿಯೇ ಇದೆ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಕಂದಾಯವನ್ನು ಹಣದ ರೂಪದಲ್ಲಿಯೇ ಕಟ್ಟಬೇಕೆಂದು ವಿಧಿಸಿದರು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ನಾಯಕತ್ವದಲ್ಲಿ ರೈತರು ಎದ್ದರು. ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರಿನ ದಾರಿಯಾಗಿ ನಡೆದು, ಏಪ್ರಿಲ್ ತಿಂಗಳ ಆರಂಭದಲ್ಲಿ ಮಂಗಳೂರನ್ನೇ ಕೈವಶ ಮಾಡಿಕೊಂಡು ಸುಮಾರು ಎರಡು ವಾರಗಳ ಕಾಲ ಆಳಿದರು. ಆದರೆ ಜನರ ಬಾಯಲ್ಲಿ ಅದು ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ' ಎಂದೇ, ಅಂದರೆ ಒಂದು ಉಪದ್ರವವೆಂದೇ ಉಳಿಯಿತು. ರಾಮಯ್ಯ ಗೌಡರ ಪ್ರತಿಮೆಯು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಸ್ಥಾಪನೆಯಾದುದು 2022ರಲ್ಲಿ, ಎಂದರೆ 185 ವರ್ಷಗಳ ಮೇಲೆ. ಹೆಸರುಗಳನ್ನು ಬರೆದಿಡುವ ಹೊಣೆಯನ್ನು ಯಾರೂ ಹೊರದಿದ್ದರೆ ಹೀಗಾಗುತ್ತದೆ.

*

ಇನ್ನು ಇಂದಿನ ವ್ಯವಸ್ಥೆಯನ್ನು ವಿವರಿಸುತ್ತೇನೆ. ಹಿಂದೆ ಒಂದೇ ಊರು ಮಾಡುತ್ತಿದ್ದ ಕೆಲಸವು ಈಗ ನಾಲ್ಕು ಕೈಗಳಿಗೆ ಹಂಚಿಹೋಗಿದೆ.

ಮೊದಲನೆಯದು ಕೇಂದ್ರ ಸರಕಾರ. ಪಿಂಚಣಿಯು ಅಲ್ಲಿಂದಲೇ ಬರತಕ್ಕದ್ದು. ಸೈನಿಕನ ಮದುವೆ, ಮಕ್ಕಳ ಜನನ ಮೊದಲಾದುವೆಲ್ಲ ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ದಾಖಲಾಗಿರಬೇಕು. ಅಲ್ಲಿ ಹೆಂಡತಿಯ ಹೆಸರು ಹೇಗಿದೆಯೋ ಹಾಗೆಯೇ ಇತರ ಕಾಗದಗಳಲ್ಲಿಯೂ ಇದ್ದರೆ ಕುಟುಂಬ ಪಿಂಚಣಿಗೆ ತೊಡಕಿಲ್ಲ. ಒಂದಕ್ಷರ ಬೇರೆಯಾದರೂ ಫಜೀತಿ. ಈಗ ಪಿಂಚಣಿಯು 'ಸ್ಪರ್ಶ್' ಎಂಬ ಗಣಕ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪ್ರಮಾಣಪತ್ರವನ್ನು ಕೊಡಬೇಕು. 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಕೇಂದ್ರದ್ದೇ. ಅದರ ಸದಸ್ಯರಿಗೆ ಔಷಧೋಪಚಾರ ದೊರೆಯುತ್ತದೆ; ಆದರೆ ನಮ್ಮ ಹಳ್ಳಿಗಳವರು ಅದಕ್ಕಾಗಿ ಮಂಗಳೂರಿಗೆ ಹೋಗಬೇಕು.

ಎರಡನೆಯದು ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ನಮ್ಮ ಜಿಲ್ಲೆಗೆ ಅದರ ಕಚೇರಿಯು ಮಂಗಳೂರಿನಲ್ಲಿದೆ. ಮಾಜಿ ಸೈನಿಕರಿಗೆ ಗುರುತಿನ ಚೀಟಿ, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ, ವಿಧವೆಯರಿಗೆ ಸಹಾಯಧನ, ಪಿಂಚಣಿಯ ತಕರಾರುಗಳಲ್ಲಿ ಪತ್ರವ್ಯವಹಾರ ಇವೆಲ್ಲ ಅದರ ಕೆಲಸಗಳು. ರಾಜ್ಯ ಸರಕಾರದ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇಕಡಾ 10ರ ಮೀಸಲಾತಿಯೂ ಉಂಟು. ಪ್ರತಿವರ್ಷ ಡಿಸೆಂಬರ್ 7ರಂದು ನಮ್ಮ ಕಾಲೇಜಿನಲ್ಲಿ ಅಂಗಿಗೆ ಸಿಕ್ಕಿಸಿಕೊಳ್ಳಲು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜವನ್ನು ಕೊಟ್ಟು ಹಣ ಸಂಗ್ರಹಿಸುತ್ತಾರಲ್ಲವೆ? 1949ರಿಂದ ನಡೆದುಬಂದ ಸಶಸ್ತ್ರ ಪಡೆಗಳ ಧ್ವಜ ದಿನವದು. ಮೂರು ಬಣ್ಣಗಳು ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಗುರುತು. ಆ ಹಣವು ಸೈನಿಕರ ಮತ್ತು ಅವರ ಕುಟುಂಬಗಳ ಕಲ್ಯಾಣಕ್ಕಾಗಿಯೇ ವಿನಿಯೋಗವಾಗುತ್ತದೆ. ಹತ್ತು ರೂಪಾಯಿ ಹಾಕುವಾಗ ಗೊಣಗುವ ಮಿತ್ರರು ಇದನ್ನು ತಿಳಿದಿರಲಿ.

ಮೂರನೆಯದು ಕಂದಾಯ ಇಲಾಖೆ. 1969ರ ಭೂಮಂಜೂರಾತಿ ನಿಯಮಗಳ ಪ್ರಕಾರ ವಿಲೇವಾರಿಯಾಗುವ ಸರಕಾರಿ ಜಮೀನಿನಲ್ಲಿ ಶೇಕಡಾ 10ರಷ್ಟನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ ಮೀಸಲಿಡಬೇಕು. ಹಳೆಯ ನೆತ್ತರುಗೊಡಗೆಯ ಈ ಕಾಲದ ರೂಪವೇ ಇದೆನ್ನಬಹುದು. ಆದರೆ ಕಾಗದದಲ್ಲಿರುವ ಜಮೀನನ್ನು ನೆಲದ ಮೇಲೆ ಹುಡುಕುವುದೇ ಕಷ್ಟ. ನಮ್ಮ ತಾಲೂಕುಗಳಲ್ಲಿ ಸರಕಾರಿ ಜಮೀನೆಂದರೆ ಬಹುಭಾಗ ಕಾಡು. ಉಳಿದುದರಲ್ಲಿ ವರ್ಗ ಜಮೀನಿಗೆ ತಾಗಿದ ಕುಮ್ಕಿಯ ಮೇಲೆ ವರ್ಗದಾರನಿಗೆ ಹಿಂದಿನಿಂದ ಬಂದ ಸವಲತ್ತುಗಳಿವೆ. ಗೋಮಾಳವೆಂದು ಬರೆದ ಕಡೆ ಕೈಹಾಕುವಂತಿಲ್ಲ. ಹೀಗಾಗಿ ಅರ್ಜಿ ಕೊಟ್ಟ ಸೈನಿಕನು ತಾನೇ ಸರ್ವೆ ನಂಬರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ನಮ್ಮ ಅಜ್ಜನೂ ಒಂದು ಅರ್ಜಿಯನ್ನು ಕೊಟ್ಟಿದ್ದರು. ಅದರ ಹಣ್ಣಾದ ಪ್ರತಿಯು ಅವರ ಟ್ರಂಕಿನಲ್ಲಿ ಸಿಕ್ಕಿತು. ಉತ್ತರದ ಕಾಗದ ಮಾತ್ರ ಸಿಕ್ಕಲಿಲ್ಲ.

ನಾಲ್ಕನೆಯದೇ ಸ್ಥಳೀಯ ಸಂಸ್ಥೆ: ಪುತ್ತೂರಿನ ನಗರಸಭೆ, ಸುಳ್ಯ ಮತ್ತು ಕಡಬದ ಪಟ್ಟಣ ಪಂಚಾಯತುಗಳು, ಮತ್ತು ಹಳ್ಳಿಗಳ ಗ್ರಾಮ ಪಂಚಾಯತುಗಳು. ಪಿಂಚಣಿಯನ್ನು ಕೊಡುವ ಅಧಿಕಾರ ಇವುಗಳಿಗಿಲ್ಲ. ಜಮೀನನ್ನು ಮಂಜೂರು ಮಾಡುವ ಅಧಿಕಾರವೂ ಇಲ್ಲ. ಹಾಗಾದರೆ ಇವುಗಳಿಂದ ಏನು ಪ್ರಯೋಜನ ಎಂದು ಕೇಳಬಹುದು. ಮೇಲಿನ ಮೂರು ಕಚೇರಿಗಳಿಗೂ ಇಲ್ಲದ ಒಂದು ವಸ್ತುವು ಪಂಚಾಯತಿನ ಬಳಿ ಇದೆ, ಅದು ಪರಿಚಯ. ದಿಲ್ಲಿಯವರು ಸೈನಿಕನನ್ನು ನಂಬರಿನಿಂದ ಬಲ್ಲರು. ಪಂಚಾಯತಿನವರಾದರೋ ಅವನನ್ನು ಮನೆಯಿಂದ ಬಲ್ಲರು.

ಅಜ್ಜಿಯ ವಿಷಯದಲ್ಲಿ ಆದುದೂ ಇದೇ. ಏಳು ತಿಂಗಳಾದ ಮೇಲೆ ನಮ್ಮ ಪಂಚಾಯತು ಸದಸ್ಯರೊಬ್ಬರು ಮನೆಗೆ ಬಂದು, "ಅಜ್ಜಿ, ಆ ಟ್ರಂಕು ಒಮ್ಮೆ ತೆರೆಯುವ" ಎಂದರು. ಬಿಳಿ ಬಣ್ಣದಲ್ಲಿ ನಂಬರು ಬರೆದ ಆ ಟ್ರಂಕಿನ ಅಡಿಯಲ್ಲಿ, ಉಣ್ಣೆಯ ಕೋಟಿನ ಮಡಿಕೆಯೊಳಗೆ, ಅಜ್ಜನ ಡಿಸ್‌ಚಾರ್ಜ್ ಪುಸ್ತಕವಿದ್ದಿತು. ಅದರಲ್ಲಿ ಹೆಂಡತಿಯ ಹೆಸರೂ ಮದುವೆಯ ತಾರೀಕೂ ಇದ್ದವು. ಎರಡು ಹೆಸರುಗಳೂ ಒಬ್ಬರದ್ದೇ ಎಂಬುದಕ್ಕೆ ಪ್ರಮಾಣಪತ್ರ ಮಾಡಿಸಿ, ಊರಿನ ಇಬ್ಬರು ಹಿರಿಯರ ಸಾಕ್ಷಿ ಹಾಕಿಸಿ, ಎಲ್ಲವನ್ನೂ ಒಟ್ಟಿಗೆ ಕಳುಹಿಸಿದೆವು. ಮೂರು ತಿಂಗಳಲ್ಲಿ ಹಣವು ಬಾಕಿ ಸಮೇತ ಬಂದಿತು. ಆ ಸದಸ್ಯರು ಮಾಡಿದ ಕೆಲಸವು ಯಾವ ಕಾನೂನಿನಲ್ಲಿಯೂ ಅವರ ಕರ್ತವ್ಯವೆಂದು ಬರೆದಿಲ್ಲ. ಅವರು ಬಾರದಿದ್ದರೆ ಏನಾಗುತ್ತಿದ್ದಿತು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಕಾನೂನಿನಿಂದಲೇ ಬಿಡಿಸಲು ಯತ್ನಿಸಿದ್ದಾರೆ. ಸೈನಿಕರಿಗೂ ಅವರ ಕುಟುಂಬಗಳಿಗೂ ಅನ್ಯಾಯವಾಗದಂತೆ ನೋಡಿಕೊಳ್ಳುತ್ತೇವೆಂಬ ಒಂದು ಒಡಂಬಡಿಕೆಗೆ ಅಲ್ಲಿಯ ಸ್ಥಳೀಯ ಸಂಸ್ಥೆಗಳು ಸಹಿ ಹಾಕಿವೆ. ವಸತಿ, ಶಿಕ್ಷಣ, ಆರೋಗ್ಯ ಈ ಮೂರು ವಿಷಯಗಳಲ್ಲಿ ಅವರ ಸ್ಥಿತಿಯನ್ನು ಗಮನಕ್ಕೆ ತಂದುಕೊಳ್ಳಲೇಬೇಕೆಂದು 2021ರ ಕಾನೂನು ವಿಧಿಸಿದೆ. 2022ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ನಮ್ಮಲ್ಲಿ ಅಂತಹ ಕಾನೂನು ಬರುವ ತನಕ ಸುಮ್ಮನೆ ಕುಳಿತಿರಬೇಕೆಂದಿಲ್ಲ.

*

ಸ್ಮರಣೆಯ ವಿಷಯದಲ್ಲಿ ನಮ್ಮ ಊರುಗಳು ತೀರ ಹಿಂದುಳಿದಿಲ್ಲವೆಂಬುದನ್ನೂ ಹೇಳಬೇಕು. ಪುತ್ತೂರಿನ ಕಿಲ್ಲೆ ಮೈದಾನದ ಬಳಿ ವಿದ್ಯಾಸಂಸ್ಥೆಯೊಂದರ ಆಸ್ಥೆಯಿಂದ ಅಮರ್ ಜವಾನ್ ಜ್ಯೋತಿ ಸ್ಮಾರಕವು ಎದ್ದುನಿಂತಿದೆ. ಮಂಗಳೂರಿನ ಕದ್ರಿ ಗುಡ್ಡದಲ್ಲಿ ಯುದ್ಧ ಸ್ಮಾರಕವಿದೆ. ಸುಳ್ಯದಿಂದ ಘಾಟಿ ಹತ್ತಿ ಮಡಿಕೇರಿಗೆ ಹೋದರೆ, ಜನರಲ್ ತಿಮ್ಮಯ್ಯನವರ ಮನೆಯಾಗಿದ್ದ 'ಸನ್ನಿ ಸೈಡ್' 2021ರಿಂದ ವಸ್ತು ಸಂಗ್ರಹಾಲಯವಾಗಿರುವುದನ್ನು ನೋಡಬಹುದು. 2023ರ ಆಗಸ್ಟಿನಲ್ಲಿ 'ನನ್ನ ಮಣ್ಣು ನನ್ನ ದೇಶ' ಎಂಬ ಅಭಿಯಾನವು ದೇಶಾದ್ಯಂತ ನಡೆದಾಗ, ಗ್ರಾಮ ಪಂಚಾಯತುಗಳು ಊರಿನ ವೀರರ ಹೆಸರಿನ ಶಿಲಾಫಲಕಗಳನ್ನು ನಿಲ್ಲಿಸಿ, 75 ಗಿಡಗಳ ಅಮೃತ ವಾಟಿಕೆಯನ್ನು ನೆಡಬೇಕೆಂಬ ಕಾರ್ಯಕ್ರಮವಿದ್ದಿತು.

ನಮ್ಮೂರಿನ ಫಲಕದ ಸಮಾರಂಭಕ್ಕೆ ಅಜ್ಜಿಯೂ ಬಂದಿದ್ದರು. ಎಲ್ಲ ಮುಗಿದ ಮೇಲೆ ಹತ್ತಿರ ಹೋಗಿ ಕಲ್ಲನ್ನು ಮುಟ್ಟಿ ನೋಡಿದರು. ಓದು ಬಾರದ ಅವರಿಗೆ ನಾನು ಹೆಸರುಗಳನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸತ್ತವರ ಹೆಸರು ಬರೆದದ್ದು ಒಳ್ಳೇದಾಯ್ತು ಮಗಾ. ಬದುಕಿ ಬಂದವರದ್ದು ಎಲ್ಲಿ ಬರೆಯುವುದು?" ಎಂದು ಕೇಳಿದರು. ಆ ಮಾತಿನಲ್ಲಿ ದೂರು ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಯೋಚಿಸಿದಾಗ ನನಗೆ ಹೊಳೆದ ಉತ್ತರವಿಷ್ಟೆ: ಪುಸ್ತಕದಲ್ಲಿ ಬರೆಯಬೇಕು. ಪ್ರತಿಯೊಂದು ಗ್ರಾಮ ಪಂಚಾಯತಿನಲ್ಲಿಯೂ ಸೈನಿಕರ ಪುಸ್ತಕವೊಂದಿರಲಿ. ಊರಿನಿಂದ ಸೈನ್ಯಕ್ಕೆ ಹೋದವರೆಲ್ಲರ ಹೆಸರು, ನಂಬರು, ರೆಜಿಮೆಂಟು, ಸೇವೆಯ ಅವಧಿ, ಹೆಂಡತಿಯ ಹೆಸರು ದಾಖಲೆಯಲ್ಲಿ ಹೇಗಿದೆ ಮತ್ತು ಬೇರೆ ಕಾಗದಗಳಲ್ಲಿ ಹೇಗಿದೆ, ಜಮೀನಿಗೆ ಅರ್ಜಿ ಕೊಟ್ಟಿದ್ದರೆ ಅದು ಯಾವ ಹಂತದಲ್ಲಿದೆ, ಇಷ್ಟೂ ಅದರಲ್ಲಿರಲಿ. ವರ್ಷಕ್ಕೊಮ್ಮೆ, ಕಾರ್ಗಿಲ್ ವಿಜಯದ ದಿನವಾದ ಜುಲೈ 26ರಂದೋ ಧ್ವಜ ದಿನದಂದೋ, ಸದಸ್ಯರು ಆ ಪುಸ್ತಕವನ್ನು ಹಿಡಿದು ಮನೆಮನೆಗೆ ಹೋಗಿ ನೋಡಿಬರಲಿ. ಹೆಸರಿನ ತೊಡಕಿದ್ದರೆ ಸೈನಿಕನು ಬದುಕಿರುವಾಗಲೇ ಸರಿಪಡಿಸಿಕೊಳ್ಳುವುದು ಸುಲಭ. ಅವನು ತೀರಿಕೊಂಡ ಮೇಲೆ ಕಷ್ಟ. ಹಾರ ಹಾಕಿ ಶಾಲು ಹೊದಿಸುವ ಖರ್ಚಿಗಿಂತ ಇದಕ್ಕೆ ತಗಲುವ ಖರ್ಚು ಕಡಿಮೆ. ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ನಿರ್ಣಯ ಮಾಡುವುದಕ್ಕೆ ಅಡ್ಡಿಯೂ ಇಲ್ಲ.

ಆ ಎದ್ದು ಕೇಳುವವರು ನಾವೇ ಏಕಾಗಬಾರದು? ನಮ್ಮ ಕಾಲೇಜಿಗೆ ಮೂರು ತಾಲೂಕುಗಳ ಹಳ್ಳಿಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬೊಬ್ಬರು ತಮ್ಮ ತಮ್ಮ ಗ್ರಾಮದ ಪಟ್ಟಿಯನ್ನು ತಯಾರಿಸಿದರೆ, ಒಂದು ಬೇಸಗೆ ರಜೆಯಲ್ಲಿ ಕೆಲಸವು ಬಹಳ ಮಟ್ಟಿಗೆ ಮುಗಿಯುತ್ತದೆ. ಇತಿಹಾಸ ವಿಭಾಗದ ಗುರುಗಳು ಮಾರ್ಗದರ್ಶನ ನೀಡಿ, ಎನ್.ಸಿ.ಸಿ. ಮತ್ತು ಎನ್.ಎಸ್.ಎಸ್. ಘಟಕಗಳು ಕೈಗೂಡಿಸಬೇಕೆಂದು ವಿನಂತಿಸುತ್ತೇನೆ. ನನ್ನ ಗ್ರಾಮದ ಪಟ್ಟಿಯನ್ನು ನಾನು ಆರಂಭಿಸಿದ್ದೇನೆ. ಇದುವರೆಗೆ ಹನ್ನೊಂದು ಹೆಸರುಗಳಾಗಿವೆ. ಮೊದಲನೆಯ ಸಾಲಿನಲ್ಲಿ ಮಿಲಿಟ್ರಿ ಅಜ್ಜನ ಹೆಸರಿದೆ. ಅದರ ಮುಂದೆ ಅಜ್ಜಿಯ ಎರಡು ಹೆಸರುಗಳನ್ನೂ ಬರೆದಿದ್ದೇನೆ.